ಪಿವಿಡಿಎಫ್ ಫಿಲ್ಮಿನಿಂದ 22 ಮೆಗಾಹರ್ಟ್ಜ್ ಅಲ್ಟ್ರಾಸೌಂಡ್ ಟ್ರಾನ್ಸ್‌ಡ್ಯೂಸರ್: ಲೆಕ್ಕದಿಂದ ನೀರಿನ ತೊಟ್ಟಿಯವರೆಗೆ

ಪಾಲಿಮರ್ ಟ್ರಾನ್ಸ್‌ಡ್ಯೂಸರ್ (ವಿದ್ಯುತ್ತನ್ನು ಶಬ್ದವಾಗಿಯೂ ಶಬ್ದವನ್ನು ವಿದ್ಯುತ್ತಾಗಿಯೂ ತಿರುಗಿಸುವ ಸಾಧನ) ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಫಿಲ್ಮ್ ತರಿಸುತ್ತಾರೆ, ಕೊನೆಗೆ ಆಂಪ್ಲಿಫೈಯರ್ ಹುಡುಕುತ್ತಾರೆ. ಕೆಲಸ ಕೆಡುವುದು ಅಲ್ಲೇ. ಪಿವಿಡಿಎಫ್ (ಪಾಲಿವಿನೈಲಿಡೀನ್ ಫ್ಲೋರೈಡ್ ಎಂಬ ಪ್ಲಾಸ್ಟಿಕ್) ಶಬ್ದದ ವಿಷಯದಲ್ಲಿ ಶ್ರೀಮಂತ, ವಿದ್ಯುತ್ತಿನ ವಿಷಯದಲ್ಲಿ ಬಡವ. ಹಾಗಾಗಿ ವಿನ್ಯಾಸ ಹಿಂದಿನಿಂದ ಶುರುವಾಗಬೇಕು: ಮೊದಲು ರಿಸೀವರ್, ಆಮೇಲೆ ಕೇಬಲ್, ಆಮೇಲೆ ಡಿಸ್ಕಿನ ಗಾತ್ರ, ಫಿಲ್ಮಿನ ದಪ್ಪ ಕೊನೆಗೆ.

ಇಲ್ಲಿ ಕಟ್ಟುತ್ತಿರುವುದು ಚರ್ಮದ ಮೇಲ್ಪದರದಂಥ ತೆಳು ಅಂಗಾಂಶದ ಚಿತ್ರಕ್ಕೆ ಹೊಂದುವ, ಒಂದೇ ಎಲಿಮೆಂಟಿನ, ಬಟ್ಟಲಿನ ಆಕಾರದ ಟ್ರಾನ್ಸ್‌ಡ್ಯೂಸರ್. ಅಗಲ 6 ಮಿ.ಮೀ., ಫೋಕಸ್ ದೂರ 12.7 ಮಿ.ಮೀ., ಕೇಂದ್ರ ಆವರ್ತನ ಸುಮಾರು 22 ಮೆಗಾಹರ್ಟ್ಜ್. ಮೈಸೂರು, ಮಂಡ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿಗುವ ಎಲೆಕ್ಟ್ರಾನಿಕ್ಸ್ ಲ್ಯಾಬ್, ಹೆಬ್ಬಾಳ ಅಥವಾ ತೂಬಿನಕೆರೆ ಕೈಗಾರಿಕಾ ಪ್ರದೇಶದ ಯಾವುದಾದರೂ ಲೇತ್, ಬೇರಿಂಗ್ ಅಂಗಡಿಯ ಒಂದು ಉಕ್ಕಿನ ಗುಂಡು, ಬೆಂಗಳೂರಿನಿಂದ ತರಿಸಿದ ಫ್ಲೆಕ್ಸ್ ಪಿಸಿಬಿ (ಬಾಗುವ ಸರ್ಕ್ಯೂಟ್ ಹಾಳೆ) ಇಷ್ಟರಲ್ಲಿ ಆಗುವ ಕೆಲಸ. ಫಿಲ್ಮ್ ಮಾತ್ರ ಹೊರದೇಶದಿಂದ ಬರಬೇಕಾಗಬಹುದು.

ಸೆರಾಮಿಕ್ ಬಿಟ್ಟು ಪಾಲಿಮರ್ ಯಾಕೆ

ಹಿಗ್ಗಿಸಿ, ಪ್ರಬಲ ವಿದ್ಯುತ್ ಕ್ಷೇತ್ರದಲ್ಲಿಟ್ಟ (ಈ ಕ್ಷೇತ್ರದಲ್ಲಿಡುವುದೇ ಪೋಲಿಂಗ್) ಪಿವಿಡಿಎಫ್‌ನಲ್ಲಿ ಪೀಜೋ ಗುಣ (ಒತ್ತಿದರೆ ವೋಲ್ಟೇಜ್, ವೋಲ್ಟೇಜ್ ಕೊಟ್ಟರೆ ಅಲುಗಾಟ) ಬಲವಾಗಿದೆ ಎಂದು 1969ರಲ್ಲಿ ಜಪಾನಿನ ಕವಾಯಿ ತೋರಿಸಿದರು. ಅದರ ಅಕೌಸ್ಟಿಕ್ ಇಂಪೀಡೆನ್ಸ್ (ಶಬ್ದಕ್ಕೆ ಒಡ್ಡುವ ತಡೆ) ಸುಮಾರು 3.9 ಮೆಗಾರೇಲ್. ನೀರು ಮತ್ತು ಮೃದು ಅಂಗಾಂಶದ್ದು 1.5ರ ಆಸುಪಾಸು. ಪ್ರೋಬ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಪಿಜೆಡ್‌ಟಿ ಸೆರಾಮಿಕ್‌ನದು 30ಕ್ಕೂ ಮೇಲೆ. ಸೆರಾಮಿಕ್‌ನಿಂದ ನೇರವಾಗಿ ನೀರಿಗೆ ದಾಟುವ ಶಕ್ತಿ ಶೇ. 17ರಷ್ಟು, ಪಿವಿಡಿಎಫ್‌ನಿಂದ ಶೇ. 80. ಆದ್ದರಿಂದ ಎರಡರ ಇಂಪೀಡೆನ್ಸ್ ಹೊಂದಿಸುವ ಮ್ಯಾಚಿಂಗ್ ಲೇಯರ್ ಎಂಬ ತಲೆನೋವಿಲ್ಲ, ಪಲ್ಸ್ ಚುಟುಕಾಗಿ ಬರುತ್ತದೆ, ಬ್ಯಾಂಡ್ ಅಗಲವಾಗಿರುತ್ತದೆ. ಫಿಲ್ಮ್ ಬಾಗುವುದರಿಂದ ಲೆನ್ಸ್ ಕೂಡ ಬೇಡ.

ಈಗ ಬಡತನದ ಪಟ್ಟಿ. ವಿದ್ಯುತ್ ಶಕ್ತಿಯನ್ನು ಕಂಪನಕ್ಕೆ ತಿರುಗಿಸುವ ಕಪ್ಲಿಂಗ್ ಗುಣಾಂಕ ಪಿಜೆಡ್‌ಟಿಯಲ್ಲಿ 0.5, ಪಿವಿಡಿಎಫ್‌ನಲ್ಲಿ 0.14ರ ಆಸುಪಾಸು. ವರ್ಗ ಮಾಡಿದರೆ 0.25ಕ್ಕೆ ಎದುರಾಗಿ 0.02. ಮೆಗಾಹರ್ಟ್ಜ್ ಮಟ್ಟದಲ್ಲಿ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 6, ಪಿಜೆಡ್‌ಟಿಯಲ್ಲಿ ನೂರಾರು. ಮೇಲಿಂದ ಟ್ಯಾನ್ ಡೆಲ್ಟಾ 0.25ರಷ್ಟು, ಅಂದರೆ ಒಂದಿಷ್ಟು ಶಕ್ತಿ ಬರೀ ಬಿಸಿಯಾಗಿ ಹೋಗುತ್ತದೆ. ಕಳಿಸುವುದರಲ್ಲಿ ದುರ್ಬಲ, ಆಲಿಸುವುದರಲ್ಲಿ ಚುರುಕು. ನೀರೊಳಗಿನ ಶಬ್ದ ಅಳೆಯುವ ಹೈಡ್ರೋಫೋನ್‌ಗಳಲ್ಲಿ ಇದು ಖಾಯಂ ಆಗಿ ಉಳಿದಿರುವುದೂ, ಸ್ಕ್ಯಾನಿಂಗ್ ಸೆಂಟರಿನ ಹೊಟ್ಟೆ ನೋಡುವ ಪ್ರೋಬ್‌ಗೆ ಬಾರದಿರುವುದೂ ಇದೇ ಕಾರಣಕ್ಕೆ.

ರಿಸೀವರಿನಿಂದ ಶುರು

6 ಮಿ.ಮೀ. ಡಿಸ್ಕ್, 28 ಮೈಕ್ರಾನ್ ಫಿಲ್ಮ್, ನಡುವೆ ತೆಳು ಅಂಟು ಸೇರಿ ಕೆಲಸದ ಆವರ್ತನದಲ್ಲಿ ಕೆಪಾಸಿಟನ್ಸ್ ಸುಮಾರು 50 ಪಿಕೊಫ್ಯಾರಡ್ ಬರುತ್ತದೆ. ಆರ್‌ಜಿ-174 ಕೇಬಲ್ ಒಂದು ಮೀಟರಿಗೆ 100 ಪಿಕೊಫ್ಯಾರಡ್ ಇದೆ. ಒಂದು ಮೀಟರ್ ಕೇಬಲ್ ಹಾಕಿ ಹೆಚ್ಚು ಇಂಪೀಡೆನ್ಸಿನ ಆಂಪ್ಲಿಫೈಯರಿಗೆ ಕೊಟ್ಟರೆ ಸಿಗುವುದು ಹುಟ್ಟಿದ ವೋಲ್ಟೇಜಿನ ಮೂರನೇ ಒಂದು ಪಾಲು, ಸುಮಾರು 9.5 ಡೆಸಿಬೆಲ್ ನಷ್ಟ. ಬೇಡ ಎಂದು 50 ಓಮ್ ಇನ್‌ಪುಟ್‌ಗೆ ಕೊಟ್ಟರೂ ಕಥೆ ಬದಲಾಗದು: 22 ಮೆಗಾಹರ್ಟ್ಜ್‌ನಲ್ಲಿ 50 ಪಿಕೊಫ್ಯಾರಡ್‌ನ ರಿಯಾಕ್ಟನ್ಸ್ 145 ಓಮ್, ನಷ್ಟ ಮತ್ತೆ ಹತ್ತು ಡೆಸಿಬೆಲ್ ಹತ್ತಿರ.

ಬಿಡುಗಡೆಗೆ ಎರಡು ದಾರಿ. ಮೊದಲನೆಯದು ಸರಳ: ಡಿಸ್ಕಿನ ಪಕ್ಕದಲ್ಲೇ ಸರಣಿಯಲ್ಲಿ 1 ಮೈಕ್ರೊಹೆನ್ರಿ ಇಂಡಕ್ಟರ್ ಹಾಕಿ ಆ 145 ಓಮ್ ಕಳೆದುಹಾಕುವುದು. ಫಿಲ್ಮಿನ ಸ್ವಂತ ನಷ್ಟವೇ 35 ಓಮ್‌ನಷ್ಟಿರುವುದರಿಂದ ಬ್ಯಾಂಡ್ ತೀರಾ ಕಿರಿದಾಗುವುದಿಲ್ಲ. ರೆಡಿಮೇಡ್ ಪಲ್ಸರ್-ರಿಸೀವರ್ ಇರುವ ಲ್ಯಾಬಿಗೆ ಇದೇ ಸಾಕು. ಇಂಡಕ್ಟರ್ ಫೆರೈಟಿನದ್ದಾದರೆ ದೊಡ್ಡ ಪಲ್ಸಿನಲ್ಲಿ ಸ್ಯಾಚುರೇಟ್ ಆಗಬಹುದು. ಗಾಳಿಯ ಕೋರ್ ಸುತ್ತಿಕೊಳ್ಳಿ.

ಎರಡನೆಯದು ಒಳ್ಳೆಯದು: ಪ್ರೀಆಂಪನ್ನು (ಸಿಗ್ನಲನ್ನು ಮೊದಲಿಗೇ ಹಿಗ್ಗಿಸುವ ಆಂಪ್ಲಿಫೈಯರ್) ಟ್ರಾನ್ಸ್‌ಡ್ಯೂಸರಿನ ಬೆನ್ನಿಗೇ ಕೂರಿಸುವುದು. ಒಪಿಎ657ನಂಥ ಎಫ್‌ಇಟಿ ಇನ್‌ಪುಟ್ ಆಪ್‌ಆಂಪ್ ಹೊಂದುತ್ತದೆ. ಅದರ ಗೇನ್-ಬ್ಯಾಂಡ್‌ವಿಡ್ತ್ 1.6 ಗಿಗಾಹರ್ಟ್ಜ್, ನಾಯ್ಸ್ 4.8 ನ್ಯಾನೊವೋಲ್ಟ್ ಪ್ರತಿ ರೂಟ್ ಹರ್ಟ್ಜ್. ಗೇನ್ 7ಕ್ಕಿಂತ ಕಡಿಮೆಯಾದರೆ ಆಸಿಲೇಟ್ ಆಗುತ್ತದೆ, 10 ಇಡಿ. ಐದು ಸೆಂಟಿಮೀಟರ್ ಒಳಗೆ ತಂತಿ ಮುಗಿಸಿದರೆ, ಡಯೋಡ್‌ಗಳೂ ಸೇರಿ ಹೆಚ್ಚುವರಿ ಕೆಪಾಸಿಟನ್ಸ್ 20 ಪಿಕೊಫ್ಯಾರಡ್ ಒಳಗೆ ನಿಲ್ಲುತ್ತದೆ, ನಷ್ಟ 3 ಡೆಸಿಬೆಲ್‌ಗೆ ಇಳಿಯುತ್ತದೆ.

ಒಂದೇ ಡಿಸ್ಕ್ ಕಳಿಸಲೂ ಕೇಳಲೂ ಬಳಕೆಯಾಗುವುದರಿಂದ ಪ್ರೀಆಂಪಿಗೆ ಕಾವಲು ಬೇಕು. ಪಲ್ಸರಿನಿಂದ ಬರುವ ತಂತಿಯಲ್ಲಿ ಒಂದಕ್ಕೊಂದು ತಿರುವುಮುರುವಾಗಿ, ಸಮಾಂತರವಾಗಿ ಎರಡು 1ಎನ್4148 ಡಯೋಡ್. ಅಲ್ಲಿಂದ ಡಿಸ್ಕ್. ಡಿಸ್ಕಿನಿಂದ ನೆಲಕ್ಕೆ (ಗ್ರೌಂಡ್) 1 ಕಿಲೊಓಮ್, ಇಲ್ಲವಾದರೆ ಪಲ್ಸ್ ಮುಗಿದ ಮೇಲೂ ಚಾರ್ಜ್ ಉಳಿದು ಬೇಸ್‌ಲೈನ್ ತೇಲುತ್ತದೆ. ಡಿಸ್ಕಿನಿಂದ, ದೊಡ್ಡ ಪಲ್ಸ್ ಬಂದರೆ ತಾನೇ ಕಡಿದುಕೊಳ್ಳುವ ಎಂಡಿ0100 ಸ್ವಿಚ್ ದಾಟಿ, ಬಿಎವಿ99 ಡಯೋಡ್ ಜೋಡಿಯ ಕ್ಲ್ಯಾಂಪ್, ಆಮೇಲೆ ಆಪ್‌ಆಂಪ್. ಈ ಸ್ವಿಚ್ಚಿನ ಮಿತಿ 100 ವೋಲ್ಟ್, ಆದ್ದರಿಂದ ಪಲ್ಸ್ 80 ವೋಲ್ಟ್ ಮೀರದಿರಲಿ. ಪಲ್ಸಿನ ಅಗಲ 22 ಮೆಗಾಹರ್ಟ್ಜ್‌ನ ಅರ್ಧ ಅವಧಿ, ಅಂದರೆ 23 ನ್ಯಾನೊಸೆಕೆಂಡ್. ಫಿಲ್ಮಿಗೆ 80 ವೋಲ್ಟ್ ಏನೂ ಅಲ್ಲ: 28 ಮೈಕ್ರಾನಿಗೆ ಮೀಟರಿಗೆ 3 ಮೆಗಾವೋಲ್ಟ್ ಕೂಡ ಆಗದು, ಪೋಲಿಂಗ್ ತಿರುಗಿಹೋಗುವ ಕ್ಷೇತ್ರ ಸುಮಾರು 50 ಮೆಗಾವೋಲ್ಟ್.

ಅರೇ (ಹಲವು ಎಲಿಮೆಂಟುಗಳ ಸಾಲು) ಮಾಡುವ ಆಸೆ ಇರುವವರು ಈ ಲೆಕ್ಕವನ್ನು ಇಲ್ಲೇ ನೋಡಿಬಿಡಿ. 0.2 × 5 ಮಿ.ಮೀ. ಎಲಿಮೆಂಟಿನ ಕೆಪಾಸಿಟನ್ಸ್ 1.9 ಪಿಕೊಫ್ಯಾರಡ್. ಅದಕ್ಕೆ ಒಂದು ಮೀಟರ್ ಕೇಬಲ್ ಕಟ್ಟಿದರೆ 34 ಡೆಸಿಬೆಲ್ ಅಲ್ಲೇ ಮಾಯ. ಪ್ರತಿ ಎಲಿಮೆಂಟಿನ ಕೆಳಗೇ ಟ್ರಾನ್ಸಿಸ್ಟರ್ ಕೂರಿಸುವ ಶಕ್ತಿ ಇಲ್ಲದೆ ಪಿವಿಡಿಎಫ್ ಅರೇಗೆ ಕೈಹಾಕುವುದು ವ್ಯರ್ಥ.

ದಪ್ಪದ ಲೆಕ್ಕ, ಮತ್ತು ತಾಮ್ರ ಮಾಡುವ ಕಿತಾಪತಿ

ಪಿವಿಡಿಎಫ್‌ನಲ್ಲಿ ಶಬ್ದದ ವೇಗ ಸುಮಾರು 2200 ಮೀ/ಸೆ. ಬೆನ್ನು (ಫಿಲ್ಮಿನ ಹಿಂದೆ ಇರುವ ವಸ್ತು) ಹಗುರವಾಗಿದ್ದರೆ ಫಿಲ್ಮ್ ಅರ್ಧ ತರಂಗದಲ್ಲಿ ಕಂಪಿಸುತ್ತದೆ: ಆವರ್ತನ = ವೇಗ ÷ (2 × ದಪ್ಪ). ಬೆನ್ನು ಹಿತ್ತಾಳೆಯಂತೆ ಭಾರ, ಗಡುಸಾಗಿದ್ದರೆ ಕಾಲು ತರಂಗ: ವೇಗ ÷ (4 × ದಪ್ಪ). ಮಾರುಕಟ್ಟೆಯಲ್ಲಿ ಸಿಗುವ ದಪ್ಪಗಳಿಗೆ ಹೀಗೆ ಬರುತ್ತದೆ:

110 ಮೈಕ್ರಾನ್: 10 ಅಥವಾ 5 ಮೆಗಾಹರ್ಟ್ಜ್
52 ಮೈಕ್ರಾನ್: 21 ಅಥವಾ 10.6
28 ಮೈಕ್ರಾನ್: 39 ಅಥವಾ 19.6
9 ಮೈಕ್ರಾನ್: 122 ಅಥವಾ 61

ಬಹಳ ಮಂದಿ ಇಲ್ಲಿಗೆ ನಿಲ್ಲಿಸುತ್ತಾರೆ. ಆಮೇಲೆ 39ಕ್ಕೆ ಮಾಡಿದ್ದು 22ರಲ್ಲಿ ಯಾಕೆ ಬಂತು ಎಂದು ತಲೆ ಕೆರೆದುಕೊಳ್ಳುತ್ತಾರೆ. ಕಾರಣ ಫಿಲ್ಮಿನ ಬೆನ್ನಿಗೆ ಎಲೆಕ್ಟ್ರೋಡಾಗಿ ಅಂಟಿಸುವ ತಾಮ್ರ. ಫ್ಲೆಕ್ಸ್ ಪಿಸಿಬಿಯ ಸಾಮಾನ್ಯ ತಾಮ್ರ 18 ಮೈಕ್ರಾನ್. ಕೇಳಲು ತೆಳು, ಆದರೆ ತಾಮ್ರದ ಸಾಂದ್ರತೆ 8960, ಪಿವಿಡಿಎಫ್‌ನದು 1780. ಚದರ ಮೀಟರಿಗೆ ತಾಮ್ರ 161 ಗ್ರಾಂ ತೂಗಿದರೆ 28 ಮೈಕ್ರಾನ್ ಫಿಲ್ಮ್ 50 ಗ್ರಾಂ ತೂಗುತ್ತದೆ. ಫಿಲ್ಮ್ ತನ್ನ ಮೂರು ಪಟ್ಟು ತೂಕ ಹೊತ್ತು ಕುಣಿಯಬೇಕು. ಒಂದು ಬದಿ ನೀರು, ಇನ್ನೊಂದು ಬದಿ ಈ ತೂಕ ಎಂದು ಲೆಕ್ಕ ಹಾಕಿದರೆ ಅನುರಣನ 39ರಿಂದ ಸರಿದು 22ಕ್ಕೆ ಇಳಿಯುತ್ತದೆ. 9 ಮೈಕ್ರಾನ್ ತಾಮ್ರವಾದರೆ 23.5, 5 ಮೈಕ್ರಾನ್ ಆದರೆ 26.

ಇದು ತಾಮ್ರದ ಹಿಂದಿನ ಪಾಲಿಇಮೈಡ್ ಪ್ಲಾಸ್ಟಿಕ್ ಹಾಳೆ ಮತ್ತು ಎಪಾಕ್ಸಿ ಬೆನ್ನನ್ನು ಬಿಟ್ಟ ಅಂದಾಜು. ಕೈಯಲ್ಲಿ ಬರುವುದು ಒಂದೆರಡು ಮೆಗಾಹರ್ಟ್ಜ್ ಆಚೀಚೆ. ನಿಖರ ಬೇಕಾದವರು ಮೇಸನ್ ಅಥವಾ ಕೆಎಲ್‌ಎಂ ಎಂಬ ಟ್ರಾನ್ಸ್‌ಡ್ಯೂಸರ್ ಲೆಕ್ಕದ ಮಾದರಿಯನ್ನು ಆಕ್ಟೇವ್ ಎಂಬ ಗಣಿತದ ತಂತ್ರಾಂಶದಲ್ಲಿ ಬರೆದುಕೊಳ್ಳಿ, ಆದರೆ ಎಲೆಕ್ಟ್ರೋಡ್, ಅಂಟು ಎಲ್ಲವನ್ನೂ ಪ್ರತ್ಯೇಕ ಪದರವಾಗಿ ಹಾಕಿ, ಫಿಲ್ಮಿನ ನಷ್ಟವನ್ನೂ ಸೇರಿಸಿ. ನಷ್ಟ ಬಿಟ್ಟ ಮಾದರಿ ಎಂದಿಗೂ ಸಿಗದ ಸಂವೇದನೆಯನ್ನು ಕಾಗದದ ಮೇಲೆ ತೋರಿಸುತ್ತದೆ.

ನಮ್ಮ ಕೆಲಸಕ್ಕೆ ಈ 22 ವರವೇ. ಮೃದು ಅಂಗಾಂಶದಲ್ಲಿ ಕ್ಷೀಣಿಕೆ ಸೆಂಟಿಮೀಟರಿಗೆ, ಮೆಗಾಹರ್ಟ್ಜ್‌ಗೆ ಅರ್ಧ ಡೆಸಿಬೆಲ್ ಎಂಬ ಅಂದಾಜಿನಲ್ಲಿ ಹೋಗಿ ಬರಲು ಸೆಂಟಿಮೀಟರಿಗೆ 22 ಡೆಸಿಬೆಲ್ ಆಗುತ್ತದೆ. ಕೆಲವು ಮಿಲಿಮೀಟರ್ ಆಳಕ್ಕೆ ಇದು ನಡೆಯುತ್ತದೆ. ತರಂಗದುದ್ದ 70 ಮೈಕ್ರಾನ್. ಫೋಕಸ್ ದೂರವನ್ನು ಅಗಲದಿಂದ ಭಾಗಿಸಿದರೆ ಎಫ್-ಸಂಖ್ಯೆ 2.1. ಅಡ್ಡ ರೆಸಲ್ಯೂಶನ್ ಇವೆರಡರ ಗುಣಲಬ್ಧ, ಸುಮಾರು 0.15 ಮಿ.ಮೀ. ಫೋಕಸ್ ಗಟ್ಟಿಯಾಗಿರುವ ಆಳ ಸುಮಾರು 2.2 ಮಿ.ಮೀ. ಬ್ಯಾಂಡ್ 12 ಮೆಗಾಹರ್ಟ್ಜ್ ಸಿಕ್ಕರೆ ಆಳದ ರೆಸಲ್ಯೂಶನ್ 65 ಮೈಕ್ರಾನ್.

ಎಫ್-ಸಂಖ್ಯೆಯನ್ನು ಇನ್ನೂ ಇಳಿಸಿದರೆ ಚಿತ್ರ ಚೂಪಾಗುತ್ತದೆ ನಿಜ, ಆದರೆ ಫಿಲ್ಮಿಗೆ ಎಳೆತ ಹೆಚ್ಚುತ್ತದೆ. 2.1ರಲ್ಲಿ ಫಿಲ್ಮ್ ಹಿಗ್ಗಬೇಕಾದದ್ದು ಶೇ. 1ರ ಹತ್ತಿರ, 1ಕ್ಕೆ ಇಳಿಸಿದರೆ ಶೇ. 5ರ ಹತ್ತಿರ. ಅಷ್ಟರಲ್ಲಿ ಅಂಚು ಸುಕ್ಕುಗಟ್ಟಿ, ತಾಮ್ರ ಮಡಚಿಕೊಳ್ಳುತ್ತದೆ.

ತರಿಸಬೇಕಾದದ್ದು, ಹೇಳಬೇಕಾದದ್ದು

ಫಿಲ್ಮ್: 28 ಮೈಕ್ರಾನ್, ಪೋಲ್ ಆಗಿರುವುದು, ಒಂದೇ ಬದಿಗೆ ಚಿನ್ನದ ಲೇಪ. ಎರಡೂ ಬದಿ ಲೋಹ ಇರುವುದನ್ನು ಹಾಗೇ ಅಂಟಿಸಬೇಡಿ. ಹಿಂಬದಿಯ ಲೋಹ ತಾಮ್ರದ ಡಿಸ್ಕಿನ ಜೊತೆ ಕೆಪಾಸಿಟರಾಗಿ ಸೇರಿಕೊಂಡು 6 ಮಿ.ಮೀ. ಬದಲು ಇಡೀ ಫಿಲ್ಮೇ ಕೆಲಸ ಮಾಡತೊಡಗುತ್ತದೆ, ಫೋಕಸ್ ಕದಡುತ್ತದೆ. ಬೆಳ್ಳಿ ಇಂಕಿನ ಫಿಲ್ಮ್ ಅಗ್ಗ. ಆದರೆ ಇಂಕು ಹಲವು ಮೈಕ್ರಾನ್ ದಪ್ಪ, ಆವರ್ತನವನ್ನು ಇನ್ನೂ ಕೆಳಗೆಳೆಯುತ್ತದೆ. ಮನೆಯಲ್ಲೇ ಹಿಗ್ಗಿಸಿ ಪೋಲ್ ಮಾಡುತ್ತೇನೆ ಎನ್ನುವವರಿಗೆ ಪಿವಿಡಿಎಫ್-ಟಿಆರ್‌ಎಫ್‌ಇ ಕೋಪಾಲಿಮರ್ ವಾಸಿ. ಅದನ್ನು ಹಿಗ್ಗಿಸಬೇಕಿಲ್ಲ, ದ್ರಾವಣ ಮಾಡಿ ಸ್ಪಿನ್ ಮಾಡಬಹುದು, ಕಪ್ಲಿಂಗ್ 0.25ರಿಂದ 0.30. ಆದರೆ ಅದು ಪ್ರತ್ಯೇಕ ಸಾಹಸ, ಅದಕ್ಕೆ ಐಐಎಸ್‌ಸಿಯ ನ್ಯಾನೊ ವಿಜ್ಞಾನ ಕೇಂದ್ರದಂಥ ಕಡೆಯ ಸೌಲಭ್ಯ ಬೇಕು.

ಫ್ಲೆಕ್ಸ್ ಪಿಸಿಬಿ: 25 ಮೈಕ್ರಾನ್ ಪಾಲಿಇಮೈಡ್, 18 ಮೈಕ್ರಾನ್ ತಾಮ್ರ, ಒಂದೇ ಬದಿ. ಆಕಾರ 7.5 ಮಿ.ಮೀ. ವೃತ್ತ, ಅದರಲ್ಲಿ 6 ಮಿ.ಮೀ. ತಾಮ್ರದ ಡಿಸ್ಕ್, ಅಂಚಿನಿಂದ 2 ಮಿ.ಮೀ. ಅಗಲದ ಬಾಲ, ಅದರೊಳಗೆ 0.1 ಮಿ.ಮೀ. ಟ್ರೇಸ್. ಆರ್ಡರಿನಲ್ಲಿ ಮೂರು ಮಾತು ಸ್ಪಷ್ಟವಾಗಿ ಬರೆಯಿರಿ: ತಾಮ್ರ-ಪಾಲಿಇಮೈಡ್ ನಡುವೆ ಅಂಟಿನ ಪದರ ಇಲ್ಲದ ಲ್ಯಾಮಿನೇಟ್, ಡಿಸ್ಕಿನ ಮೇಲೆ ಕವರ್‌ಲೇ (ಮೇಲ್ಹೊದಿಕೆ) ಬೇಡ, ಚಿನ್ನ-ನಿಕೆಲ್ ಫಿನಿಶ್ ಬೇಡ, ಬರಿ ತಾಮ್ರ ಸಾಕು. ನಿಕೆಲ್ ಮೂರರಿಂದ ಐದು ಮೈಕ್ರಾನ್ ಕೂರುತ್ತದೆ, ಹಾಕಿದ ಲೆಕ್ಕವೆಲ್ಲ ತಪ್ಪುತ್ತದೆ. ಹೇಳದಿದ್ದರೆ ಅಭ್ಯಾಸಬಲದಿಂದ ಮೂರನ್ನೂ ಹಾಕಿಯೇ ಕಳಿಸುತ್ತಾರೆ.

ಲೇತ್ ಕೆಲಸ: ಹೊರಗೆ ಹಿತ್ತಾಳೆಯ ಕೊಳವೆ, ಒಳವ್ಯಾಸ 10.2 ಮಿ.ಮೀ. ಒಳಗೆ ಆಕ್ರಿಲಿಕ್ ಕೊಳವೆ, ಹೊರವ್ಯಾಸ 10, ಒಳವ್ಯಾಸ 8, ಉದ್ದ 15 ಮಿ.ಮೀ. ಟೆಫ್ಲಾನ್ ಕೊಟ್ಟರೆ ತೆಗೆದುಕೊಳ್ಳಬೇಡಿ, ಎಪಾಕ್ಸಿ ಹಿಡಿಯುವುದಿಲ್ಲ. ಆಕ್ರಿಲಿಕ್‌ನ ಒಳ ಅಂಚನ್ನು ನುಣ್ಣಗೆ ಸವರಿಸಿ. ಚೂಪಾಗಿದ್ದರೆ ಫಿಲ್ಮನ್ನು ಬ್ಲೇಡಿನಂತೆ ಕತ್ತರಿಸುತ್ತದೆ.

ಗುಂಡು: ಒಂದು ಇಂಚಿನ, ಅಂದರೆ 25.4 ಮಿ.ಮೀ. ಬೇರಿಂಗ್ ಗುಂಡು. ಹಳೆಯದಾದರೆ ಸಣ್ಣ ಗುಳಿಗಳಿರುತ್ತವೆ, ಹೊಸದನ್ನೇ ಕೊಳ್ಳಿ. ಇದರ ತ್ರಿಜ್ಯವೇ ಫೋಕಸ್ ದೂರ.

ಅಂಟಿಸುವುದು

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಕೇಳುವ ಹಂತ ಇದು. ಗುರಿ 2 ಮೈಕ್ರಾನ್ ಅಂಟು. ಅಂಟು ವಿದ್ಯುತ್ತಿನ ಲೆಕ್ಕದಲ್ಲಿ ಫಿಲ್ಮಿಗೆ ಸರಣಿಯಲ್ಲಿ ನಿಂತ ಕೆಪಾಸಿಟರ್. 2 ಮೈಕ್ರಾನ್ ಇದ್ದರೆ ವೋಲ್ಟೇಜಿನ ಶೇ. 90 ಫಿಲ್ಮಿಗೆ ಸಿಗುತ್ತದೆ. 10 ಮೈಕ್ರಾನ್ ಆದರೆ ಶೇ. 65. ಕಳಿಸುವಾಗಲೂ ಹಾಗೇ, ಕೇಳುವಾಗಲೂ ಹಾಗೇ, ಎರಡು ಸಲ ಪೆಟ್ಟು.

ನೀರಿನಂತೆ ತೆಳುವಾದ, ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗುವ ಎಪಾಕ್ಸಿ ಬಳಸಿ: ಎಪೋಟೆಕ್ 301 ಅಥವಾ ಅಂಥದ್ದು. ಹಾರ್ಡ್‌ವೇರ್ ಅಂಗಡಿಯ ಐದು ನಿಮಿಷದ ಎಪಾಕ್ಸಿ ಜೇನಿಗಿಂತ ಮಂದ, ಎಷ್ಟು ಒತ್ತಿದರೂ ಹತ್ತು ಮೈಕ್ರಾನಿಗಿಂತ ಕೆಳಗಿಳಿಯುವುದು ಕಷ್ಟ. 301ರ ಕಾಗದದಲ್ಲಿ 65 ಡಿಗ್ರಿಗೆ ಒಂದು ಗಂಟೆ ಎಂದೂ ಇರುತ್ತದೆ. ಆ ಸಾಲು ಓದಿ ಓವನ್ನಿಗೆ ಇಡಬೇಡಿ. ಹಿಗ್ಗಿಸಿದ ಪಿವಿಡಿಎಫ್ 70 ಡಿಗ್ರಿ ಹತ್ತಿರ ಬಂದಂತೆ ಕುಗ್ಗಲು ಶುರುಮಾಡುತ್ತದೆ, 80 ದಾಟಿದರೆ ಪೋಲಿಂಗೇ ಕಳಚಿಕೊಳ್ಳುತ್ತದೆ. 24 ಗಂಟೆ ಕಾಯಿರಿ.

1. ಫಿಲ್ಮಿನಿಂದ 20 × 20 ಮಿ.ಮೀ. ಚೌಕವನ್ನು ಹೊಸ ಬ್ಲೇಡಿನಿಂದ, ಒಂದೇ ಎಳೆತದಲ್ಲಿ ಕತ್ತರಿಸಿ. ಲೇಸರ್ ಕಟರ್ ಮುಟ್ಟಿಸಬೇಡಿ: ಸುಟ್ಟ ಪಿವಿಡಿಎಫ್‌ನಿಂದ ಹೈಡ್ರೋಜನ್ ಫ್ಲೋರೈಡ್ ಅನಿಲ ಬರುತ್ತದೆ.

2. ತಾಮ್ರದ ಕಿಲುಬನ್ನು ತೆಗೆದು, ಎರಡೂ ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಅಸಿಟೋನ್ ಬೇಡ, ಫಿಲ್ಮ್ ಉಬ್ಬುತ್ತದೆ. ತಂತಿಯನ್ನು ಬಾಲದ ತುದಿಗೆ ಈಗಲೇ ಬೆಸುಗೆ ಹಾಕಿಬಿಡಿ. ಫಿಲ್ಮ್ ಸೇರಿದ ಮೇಲೆ ಸೋಲ್ಡರಿಂಗ್ ಐರನ್ ಹತ್ತಿರ ಬರಕೂಡದು.

3. ಬಾಲದ ಮೇಲೆ ತೆಳು ಟೆಫ್ಲಾನ್ ಪಟ್ಟಿ ಇಡಿ, ಅಂಟು ಅಲ್ಲಿಗೆ ಹರಿದರೆ ಬಾಲ ಫಿಲ್ಮಿಗೆ ಕಚ್ಚಿಕೊಂಡು ಆಮೇಲೆ ಬಾಗುವುದಿಲ್ಲ.

4. ಕಲಸಿದ ಎಪಾಕ್ಸಿಯನ್ನು ವ್ಯಾಕ್ಯೂಮಿನಲ್ಲಿ ಗುಳ್ಳೆ ನಿಲ್ಲುವವರೆಗೆ ಇಟ್ಟು, ಸೂಜಿಮೊನೆಯಷ್ಟು ಹನಿಯನ್ನು ಡಿಸ್ಕಿನ ನಡುಮಧ್ಯೆ ಬಿಡಿ. ಬೇಕಾದದ್ದು ಮಿಲಿಗ್ರಾಂನ ಒಂದು ಭಾಗ ಮಾತ್ರ. ಫಿಲ್ಮಿನ ಲೇಪವಿಲ್ಲದ ಬದಿಯನ್ನು ಕೆಳಮುಖ ಮಾಡಿ, ಒಂದು ಅಂಚಿನಿಂದ ಬಾಗಿಸಿ ಇಳಿಸಿ, ಗಾಳಿ ಹೊರಹೋಗಲಿ.

5. ಕೆಳಗೆ ಗಾಜು, ಮೇಲೆ ಒಂದು ತುಂಡು ಸಿಲಿಕೋನ್ ರಬ್ಬರ್, ಅದರ ಮೇಲೆ 7.5 ಮಿ.ಮೀ. ವ್ಯಾಸದ ಮಟ್ಟಸ ಕಡ್ಡಿಯ ಮೂಲಕ ನಾಲ್ಕೂವರೆ ಕೆ.ಜಿ. ತೂಕ. ಇದು ಸರಿಸುಮಾರು 1 ಮೆಗಾಪಾಸ್ಕಲ್ ಒತ್ತಡ ಕೊಡುತ್ತದೆ.

ಮಾರನೇ ದಿನ ಎಲ್‌ಸಿಆರ್ ಮೀಟರಿನಲ್ಲಿ 1 ಕಿಲೊಹರ್ಟ್ಜ್‌ಗೆ ಕೆಪಾಸಿಟನ್ಸ್ ಅಳೆಯಿರಿ. ಅಂಟಿನ ದಪ್ಪ ತಿಳಿಯಲು ಮೈಕ್ರೋಸ್ಕೋಪ್ ಬೇಡ, ಈ ಒಂದು ಸಂಖ್ಯೆ ಸಾಕು. ಕಡಿಮೆ ಆವರ್ತನದಲ್ಲಿ ಪಿವಿಡಿಎಫ್‌ನ ಡೈಎಲೆಕ್ಟ್ರಿಕ್ ಸ್ಥಿರಾಂಕ 12ರ ಹತ್ತಿರ ಇರುವುದರಿಂದ ಬರಿ ಫಿಲ್ಮಿನದು 107 ಪಿಕೊಫ್ಯಾರಡ್ ಆಗಬೇಕು. 2 ಮೈಕ್ರಾನ್ ಅಂಟು ಸೇರಿ 88. 10 ಮೈಕ್ರಾನ್ ಅಂಟಾದರೆ 52. ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಆ ತುಂಡನ್ನು ಬದಿಗಿಟ್ಟು ಹೊಸದು ಮಾಡಿ. 110 ಮೀರಿದರೆ ಹಿಂಬದಿಯಲ್ಲಿ ಲೋಹ ಉಳಿದಿದೆ ಅಥವಾ ಮೀಟರಿನ ತಂತಿಯನ್ನು ಶೂನ್ಯ ಮಾಡಿಲ್ಲ. ಓಮ್ ಮಟ್ಟದ ಶಾರ್ಟ್ ಕಂಡರೆ ಕತ್ತರಿಸಿದ ಅಂಚಿನಲ್ಲಿ ಚಿನ್ನ ಕೆಳಗೆ ಇಳಿದು ಟ್ರೇಸನ್ನು ಮುಟ್ಟಿದೆ.

ಗುಂಡಿನಲ್ಲಿ ಒತ್ತಿ, ಬೆನ್ನು ತುಂಬುವುದು

ಆಕ್ರಿಲಿಕ್ ಕೊಳವೆಯ ಬಾಯಿಯ ಮೇಲೆ ಫಿಲ್ಮನ್ನು ಇಡಿ; ಚಿನ್ನ ಹೊರಮುಖ, ಡಿಸ್ಕ್ ಕೊಳವೆಯೊಳಗೆ ನಟ್ಟನಡುವೆ, ಬಾಲ ಹಿಂದಕ್ಕೆ ಬಾಗಿ ಒಳಗೆ ಇಳಿಯಲಿ. ಮಿಕ್ಕ ಫಿಲ್ಮನ್ನು ಕೊಳವೆಯ ಹೊರಮೈಗೆ ಮಡಚಿ ಹಿತ್ತಾಳೆಯೊಳಗೆ ತೂರಿಸಿ. ಚಿನ್ನ ಹಿತ್ತಾಳೆಗೆ ತಾಗುವ ಕಡೆ ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗುವ ಬೆಳ್ಳಿ ಎಪಾಕ್ಸಿ ಹಚ್ಚಿ. ಮುಂಭಾಗ ಪೂರ್ತಿ ನೆಲ, ರೋಗಿಯ ಕಡೆಗಾಗಲಿ ನೀರಿನ ಕಡೆಗಾಗಲಿ ವೋಲ್ಟೇಜ್ ಇರುವುದಿಲ್ಲ.

ಡ್ರಿಲ್ ಪ್ರೆಸ್ಸಿನಲ್ಲಿ ಗುಂಡನ್ನು ನಿಧಾನವಾಗಿ ಇಳಿಸಿ. 8 ಮಿ.ಮೀ. ಬಾಯಿಗೆ ಈ ಗುಂಡು 0.65 ಮಿ.ಮೀ. ಇಳಿದು ಅಂಚಿಗೆ ತಾನೇ ಕೂರುತ್ತದೆ, ಹೆಚ್ಚು ಒತ್ತುವ ಅಪಾಯ ಕಡಿಮೆ. ಆ ಸ್ಥಿತಿಯಲ್ಲೇ ಪ್ರೆಸ್ಸನ್ನು ಲಾಕ್ ಮಾಡಿ, ಅಥವಾ ಎಲ್ಲವನ್ನೂ ಒಂದು ಕ್ಲ್ಯಾಂಪಿಗೆ ಕಟ್ಟಿ ತಲೆಕೆಳಗು ಮಾಡಿ ಹಿಂದಿನಿಂದ ಎಪಾಕ್ಸಿ ತುಂಬಿ.

ಒಮ್ಮೆಗೇ ತುಂಬಬೇಡಿ. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ರಾಶಿ ದೊಡ್ಡದಾದಷ್ಟೂ ಬಿಸಿ ಹೆಚ್ಚು, ಏಪ್ರಿಲ್ ತಿಂಗಳ ಮೈಸೂರಿನ ಮಧ್ಯಾಹ್ನದಲ್ಲಿ ಇನ್ನೂ ಹೆಚ್ಚು. ಮೊದಲು 3 ಮಿ.ಮೀ., ಅದು ಗಟ್ಟಿಯಾದ ಮೇಲೆ ಮತ್ತೆ 4, ಹೀಗೆ ಪದರ ಪದರವಾಗಿ. ಮೊದಲ ಪದರವನ್ನು ಮಾತ್ರ ವ್ಯಾಕ್ಯೂಮಿಗೆ ಹಾಕಲೇಬೇಕು: ಡಿಸ್ಕಿನ ಬೆನ್ನಿಗೆ ಅಂಟಿದ ಒಂದು ಗುಳ್ಳೆ ಅಲ್ಲಿಯ ಬೆನ್ನನ್ನೇ ಗಾಳಿ ಮಾಡುತ್ತದೆ, ಪಲ್ಸಿಗೆ ಉದ್ದನೆಯ ಬಾಲ ಬೆಳೆಯುತ್ತದೆ. ಟಂಗ್‌ಸ್ಟನ್ ಪುಡಿ ಸೇರಿಸುವ ಸೆರಾಮಿಕ್ ಕಾಲದ ಅಭ್ಯಾಸ ಇಲ್ಲಿ ಬೇಡ. ಬರಿ ಎಪಾಕ್ಸಿಯ ಇಂಪೀಡೆನ್ಸ್ 3ರ ಹತ್ತಿರ ಇದ್ದು ಫಿಲ್ಮಿಗೆ ಅದೇ ಹೊಂದುತ್ತದೆ.

ಫ್ಲೆಕ್ಸ್ ಪಿಸಿಬಿಯ ಗೊಡವೆಯೇ ಬೇಡ ಎನ್ನುವವರಿಗೆ ಒಂದು ಒಳದಾರಿ ಇದೆ: ಹಿತ್ತಾಳೆ ಕಡ್ಡಿಯ ತುದಿಯನ್ನು ಅದೇ ಗುಂಡಿನಿಂದ ಬಟ್ಟಲು ಮಾಡಿ ಅದರ ಮೇಲೆ ಫಿಲ್ಮ್ ಅಂಟಿಸುವುದು. ಹಿತ್ತಾಳೆಯೇ ಎಲೆಕ್ಟ್ರೋಡ್, ಆವರ್ತನ 20ರ ಹತ್ತಿರ. ಗಟ್ಟಿಮುಟ್ಟು. ಆದರೆ 20 ಮಿ.ಮೀ. ಕಡ್ಡಿಯ ಹಿಂಬದಿಯಿಂದ ಪ್ರತಿಧ್ವನಿ 9 ಮೈಕ್ರೊಸೆಕೆಂಡಿಗೆ ಬರುತ್ತದೆ, ಅದರ ಎರಡನೆಯದು 18ಕ್ಕೆ. ನಿಮ್ಮ ಫೋಕಸ್ಸಿನ ಪ್ರತಿಧ್ವನಿ ಬರುವುದು 17ಕ್ಕೆ. ಕಡ್ಡಿಯ ಹಿಂಬದಿಯನ್ನು ಓರೆಯಾಗಿ ಕತ್ತರಿಸಿ ಒರಟು ಮಾಡದಿದ್ದರೆ ಆ ಭೂತ ಚಿತ್ರದಲ್ಲೇ ಕೂರುತ್ತದೆ.

ನೀರಿನ ತೊಟ್ಟಿಯಲ್ಲಿ

ಡಿಸ್ಟಿಲ್ಡ್ ವಾಟರನ್ನು ಹದಿನೈದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ ಬಳಸಿ. ಮಂಡ್ಯ ಕಡೆಯ ಬೋರ್‌ವೆಲ್ ನೀರು ಗಡಸು. ಒಣಗಿದಾಗ ಚಿನ್ನದ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ನಲ್ಲಿಯಿಂದ ನೇರ ಹಿಡಿದ ನೀರಿನಲ್ಲಿ ಗಾಳಿ ಕರಗಿದ್ದು, ಅರ್ಧ ಗಂಟೆಯಲ್ಲಿ ಬಟ್ಟಲಿನ ತುಂಬ ಸಣ್ಣ ಗುಳ್ಳೆ. ಸಿಗ್ನಲ್ ಮೆಲ್ಲಮೆಲ್ಲನೆ ಕುಸಿಯುತ್ತಿದ್ದರೆ ಮೊದಲು ಮೃದು ಕುಂಚದಿಂದ ಮುಖ ಸವರಿ ನೋಡಿ, ಸರ್ಕ್ಯೂಟನ್ನು ಆಮೇಲೆ ಬಿಚ್ಚಿ.

ಮೊದಲ ಗುರಿ 10 ಮಿ.ಮೀ. ದಪ್ಪದ ಗಾಜು; ತೆಳು ಗಾಜಾದರೆ ಹಿಂಬದಿಯ ಪ್ರತಿಧ್ವನಿ ಸೇರಿಕೊಳ್ಳುತ್ತದೆ. 17 ಮೈಕ್ರೊಸೆಕೆಂಡ್ ಹತ್ತಿರ ಪ್ರತಿಧ್ವನಿ ಹುಡುಕಿ, ಓರೆಯನ್ನು ತಿದ್ದುತ್ತ ಅತಿ ಎತ್ತರಕ್ಕೆ ತನ್ನಿ. ಅದರ ಎಫ್‌ಎಫ್‌ಟಿಯಲ್ಲಿ (ಆವರ್ತನವಾರು ಹಂಚಿಕೆ) 6 ಡೆಸಿಬೆಲ್ ಕೆಳಗಿನ ಎರಡು ತುದಿ ನೋಡಿದರೆ ಕೇಂದ್ರ, ಬ್ಯಾಂಡ್ ಎರಡೂ ಸಿಗುತ್ತವೆ. ಬರುವ ಹೋಗುವ ದಾರಿಯಲ್ಲಿ ನೀರೇ 22 ಮೆಗಾಹರ್ಟ್ಜ್‌ಗೆ 2.7 ಡೆಸಿಬೆಲ್ ನುಂಗುತ್ತದೆ, ಮೇಲಿನ ಆವರ್ತನಗಳನ್ನು ಇನ್ನೂ ಹೆಚ್ಚು. ತಿದ್ದದೆ ಓದಿದರೆ ಕೇಂದ್ರ ಇರುವುದಕ್ಕಿಂತ ಕೆಳಗೆ ಕಾಣುತ್ತದೆ.

ಆಮೇಲೆ ಫೋಕಸ್. ಕಣ್ಣಿನ ಶಸ್ತ್ರಚಿಕಿತ್ಸೆಗೆ ಬಳಸುವ 10-0 ನೈಲಾನ್ ದಾರ 20ರಿಂದ 29 ಮೈಕ್ರಾನ್ ದಪ್ಪ, ಒಳ್ಳೆಯ ಗುರಿ. ಅದನ್ನು ಬಿಗಿದು ಕಟ್ಟಿ 50 ಮೈಕ್ರಾನ್ ಹೆಜ್ಜೆಯಲ್ಲಿ ಅಡ್ಡ ಸ್ಕ್ಯಾನ್ ಮಾಡಿ. 0.15 ಮಿ.ಮೀ. ಬದಲು 0.3 ಬಂದರೆ ಬಟ್ಟಲು ಸರಿಯಾಗಿ ಗೋಳವಾಗಿಲ್ಲ, ಹೆಚ್ಚಾಗಿ ಎಪಾಕ್ಸಿ ಗಟ್ಟಿಯಾಗುವ ಮುನ್ನ ಗುಂಡು ಎದ್ದಿದೆ. ಎಡಬಲ ಸಮನಾಗಿಲ್ಲದಿದ್ದರೆ ಡಿಸ್ಕ್ ನಡುವಿನಲ್ಲಿ ಕೂತಿಲ್ಲ. ಕೊನೆಗೆ ನೂರು ಮಿ.ಲೀ. ನೀರಿಗೆ 3 ಗ್ರಾಂ ಅಗರ್, ಚಿಟಿಕೆ ಗ್ರಾಫೈಟ್ ಪುಡಿ ಹಾಕಿದ ಫ್ಯಾಂಟಮ್ (ಅಂಗಾಂಶದ ಅಣಕು). ಅಗರ್ ಬಿಸಿ ಇರುವಾಗ ಟ್ರಾನ್ಸ್‌ಡ್ಯೂಸರ್ ಇಳಿಸಬೇಡಿ. ಪಿವಿಡಿಎಫ್ ಬಿಸಿಗೂ ವೋಲ್ಟೇಜ್ ಕೊಡುತ್ತದೆ, ಕೈಯ ಕಾವಿಗೇ ಬೇಸ್‌ಲೈನ್ ಓಡುತ್ತದೆ. ರಿಸೀವರಿನಲ್ಲಿ 1 ಮೆಗಾಹರ್ಟ್ಜ್ ಹೈಪಾಸ್ ಇರಲೇಬೇಕು.

ಮೈಸೂರಿನವರಿಗೆ ಒಂದು ವಿಶೇಷ ಉಪದ್ರವ. ಕಡಿಮೆ ಬೆಲೆಯಲ್ಲಿ ಸಿಗುವ ರೆಡ್ ಪಿಟಾಯಾದಂಥ ಡಿಜಿಟೈಸರ್ ಸೆಕೆಂಡಿಗೆ 12.5 ಕೋಟಿ ಸ್ಯಾಂಪಲ್ (125 ಮೆಗಾಹರ್ಟ್ಜ್) ತೆಗೆಯುತ್ತದೆ. ಆಕಾಶವಾಣಿ ಮೈಸೂರಿನ ಎಫ್‌ಎಂ 100.6 ಮೆಗಾಹರ್ಟ್ಜ್. 125ರಿಂದ 100.6 ಕಳೆದರೆ 24.4. ಮುಚ್ಚದ ತಂತಿ ಒಂದು ಇಂಚು ಹೊರಗಿದ್ದರೂ ಆ ಪ್ರಸಾರ ಮಡಚಿಕೊಂಡು ಸರಿಯಾಗಿ ನಿಮ್ಮ ಬ್ಯಾಂಡಿನ ನಡುವೆ ಬಂದು ಕೂರುತ್ತದೆ. ಸರಾಸರಿ ಮಾಡಿದರೆ ತಗ್ಗುತ್ತದೆ, ಆದರೆ ಸ್ಕ್ಯಾನ್ ನಿಧಾನವಾಗುತ್ತದೆ. ಮದ್ದು ಎರಡು: ಹಿತ್ತಾಳೆಯ ಕವಚವನ್ನು ಪ್ರೀಆಂಪಿನ ಹಿಂದಿನವರೆಗೂ ಪೂರ್ತಿ ಮುಚ್ಚುವುದು, ಡಿಜಿಟೈಸರಿನ ಮುಂದೆ 45 ಮೆಗಾಹರ್ಟ್ಜ್ ಲೋಪಾಸ್ ಫಿಲ್ಟರ್ ಹಾಕುವುದು. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಬರುವ ಗದ್ದಲ ಬೇರೆಯದು. ಆಗ ಅಳತೆ ನಿಲ್ಲಿಸಿ, ಇಲ್ಲವೇ ಪ್ರೀಆಂಪನ್ನು ಬ್ಯಾಟರಿಗೆ ಹಾಕಿ.

ಮನುಷ್ಯರ ಮೈಗೆ ಮುಟ್ಟಿಸುವ ಮುನ್ನ

ಫ್ಯಾಂಟಮ್ ದಾಟಿ ಚರ್ಮದ ಮೇಲೆ ಇಡಬೇಕಾದರೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಹೈಡ್ರೋಫೋನ್‌ನಿಂದ ಅಳೆದ ಒತ್ತಡದ ದಾಖಲೆ ಬೇಕು. ಅಮೆರಿಕದ ಎಫ್‌ಡಿಎ ಮಿತಿಯಲ್ಲಿ ಮೆಕ್ಯಾನಿಕಲ್ ಇಂಡೆಕ್ಸ್ (ಶಬ್ದದ ಒತ್ತಡದಿಂದ ಅಂಗಾಂಶಕ್ಕಾಗುವ ಅಪಾಯದ ಸೂಚಕ) ಸಾಮಾನ್ಯ ಚಿತ್ರಣಕ್ಕೆ 1.9, ಕಣ್ಣಿಗೆ ಬರಿ 0.23. ಕಣ್ಣಿನ ಹತ್ತಿರ ಪ್ರಯೋಗ ಬೇಡವೇ ಬೇಡ.

ಇನ್ನೊಂದು 1994ರ ಲಿಂಗಪತ್ತೆ ನಿಷೇಧ ಕಾಯ್ದೆ. 22 ಮೆಗಾಹರ್ಟ್ಜ್ ಐದು ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು 110 ಡೆಸಿಬೆಲ್ ಕಳೆದುಕೊಳ್ಳುತ್ತದೆ, ಗರ್ಭ ನೋಡುವ ಮಾತೇ ಇಲ್ಲ. ಆದರೆ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದದ್ದು 2023ರಲ್ಲಿ ಬಯಲಾದ ಊರಿನಲ್ಲಿ, ಅಲ್ಟ್ರಾಸೌಂಡ್ ಎಂಬ ಹೆಸರಿನ ಯಾವ ಪೆಟ್ಟಿಗೆಯೂ ಅನುಮಾನದಿಂದ ಹೊರಗಿಲ್ಲ. 110 ಮೈಕ್ರಾನ್ ಫಿಲ್ಮಿನಲ್ಲಿ 5 ಮೆಗಾಹರ್ಟ್ಜ್‌ಗೆ ಇಳಿಯುವವರಂತೂ ಕೆಲಸ ಶುರುವಾಗುವ ಮೊದಲೇ ಸಂಸ್ಥೆಯ ಮೂಲಕ ಜಿಲ್ಲಾ ಸಕ್ಷಮ ಪ್ರಾಧಿಕಾರವನ್ನು ಲಿಖಿತವಾಗಿ ಕೇಳಿಬಿಡಿ.

ಕಾಪಾಡಿಕೊಳ್ಳುವುದು

ಬಳಸಿದ ಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಗಾಳಿಗೆ ಒಣಗಿಸಿ, ಮುಖಕ್ಕೆ ಏನೂ ತಾಗದಂತೆ ಟೊಪ್ಪಿಗೆ ಹಾಕಿಡಿ. ಹೇರ್ ಡ್ರೈಯರ್ ಬೇಡ. ಬೆಂಗಳೂರಿಗೆ ಒಯ್ಯುವಾಗ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟುಹೋಗಬೇಡಿ. ತಿಂಗಳಿಗೊಮ್ಮೆ ಅದೇ ಗಾಜು, ಅದೇ ದೂರ, ಅದೇ ಪಲ್ಸ್ ಇಟ್ಟು ಪ್ರತಿಧ್ವನಿಯ ಎತ್ತರ ಬರೆದಿಡಿ, ಜೊತೆಗೆ ಎಲ್‌ಸಿಆರ್ ಓದು. ಕೆಪಾಸಿಟನ್ಸ್ ಹಾಗೇ ಇದ್ದು ಪ್ರತಿಧ್ವನಿ ಮಾತ್ರ ಇಳಿದರೆ ಪೋಲಿಂಗ್ ಹೋಗುತ್ತಿದೆ, ಎಲ್ಲೋ ಬಿಸಿ ತಗುಲಿದೆ. ಎರಡೂ ಇಳಿದರೆ ಅಂಟು ಬಿಡುತ್ತಿದೆ. ಕೆಪಾಸಿಟನ್ಸ್ ಏರುತ್ತ ಓದು ಸ್ಥಿರ ನಿಲ್ಲದಿದ್ದರೆ ಅಂಚಿನಿಂದ ನೀರು ಒಳಗಿಳಿದಿದೆ. ಅದನ್ನು ಒಣಗಿಸಿ ಮತ್ತೆ ಬಳಸುವ ಬದಲು, ಉಳಿದ ಫ್ಲೆಕ್ಸ್ ತುಂಡಿನಲ್ಲಿ ಹೊಸದೊಂದು ಕಟ್ಟುವುದೇ ಬೇಗ ಮುಗಿಯುವ ಕೆಲಸ.